ಸಂಕ ದಾಟುವ ಮೊದಲು ಮಾಡಿದ ಪಟ್ಟಿ

ಟಯರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿ ಹಾಕಲು ಹೊರಟರೆ ಅದರಲ್ಲೂ ಗಾಳಿ ಇಲ್ಲದಿರಬಹುದಿತ್ತು. ಆಲಂಕಾರಿನ ತಿರುವಿನಲ್ಲಿ ಎದುರಿನಿಂದ ಮರ ಹೇರಿದ ಲಾರಿ ಬರಬಹುದಿತ್ತು. ಲಾರಿ ಬಾರದಿದ್ದರೆ ದನ ಬರಬಹುದಿತ್ತು. ದನ ಬಂದರೆ ಅದಕ್ಕೊಬ್ಬ ಯಜಮಾನ ಇರುತ್ತಾನೆ, ಯಜಮಾನನಿಗೆ ನಾಲ್ಕು ಮಂದಿ ನೆಂಟರು ಇರುತ್ತಾರೆ, ಅಲ್ಲಿಗೆ ನಮ್ಮ ಮಂಗಳೂರು ಪ್ರಯಾಣ ಮುಗಿಯಿತು. ರೇಡಿಯೇಟರಿನ ನೀರು ಕುದಿಯಬಹುದಿತ್ತು. ನನಗೆ ವಾಂತಿ ಬರಬಹುದಿತ್ತು, ಅದೂ ಹೊಸ ಸೀಟು ಕವರಿನ ಮೇಲೆ. ಮಳೆ ಎರಡು ವಾರ ಮೊದಲೇ ಹಿಡಿದು, ವೈಪರ್ ಅರ್ಧಕ್ಕೆ ನಿಲ್ಲಬಹುದಿತ್ತು. ಪಾಣೆಮಂಗಳೂರಿನ ಇಕ್ಕಟ್ಟಿನ ಸೇತುವೆಯ ನಟ್ಟನಡುವೆ ಎಂಜಿನ್ ಬಂದಾಗಿ, ಮುಂದೊಂದು ಬಸ್ಸು, ಹಿಂದೊಂದು ಬಸ್ಸು, ಕೆಳಗೆ ನೇತ್ರಾವತಿ ಎಂದಾಗಬಹುದಿತ್ತು. ಹಂಪನಕಟ್ಟೆಯಲ್ಲಿ ಪೊಲೀಸನು ಕೈ ಎತ್ತಿದ್ದು ನಿಲ್ಲಲಿಕ್ಕೋ ಹೋಗಲಿಕ್ಕೋ ತಿಳಿಯದೆ ನಾವು ಎರಡನ್ನೂ ಮಾಡಬಹುದಿತ್ತು.

ಇದು ಈಗ ನೆನಪು ಮಾಡಿಕೊಂಡು ಬರೆದದ್ದಲ್ಲ. ಆಗಲೇ ಬರೆದಿಟ್ಟಿದ್ದೆ. ಹೋದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ, ಕ್ರಮಸಂಖ್ಯೆ ಹಾಕಿ, ಒಟ್ಟು ಇಪ್ಪತ್ತಮೂರು. ಒಂದೊಂದರ ಎದುರಿಗೆ ಪರಿಹಾರವನ್ನೂ ಬರೆದಿದ್ದೆ. ವಾಂತಿಯ ಎದುರಿಗೆ ‘ಲಿಂಬೆಹುಳಿ, ಎರಡು’ ಅಂತ ಇತ್ತು. ಸೇತುವೆಯ ಎದುರು ಮಾತ್ರ ಖಾಲಿ.

ಆರು ವರ್ಷದ ಹಿಂದಿನ ಮಾತು ಇದು, ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಡಬದಲ್ಲಿ ಗಣಿತದ ಮಾಷ್ಟ್ರು. ನನ್ನ ಸ್ನೇಹಿತನದು ಅದೇ ಪೇಟೆಯಲ್ಲಿ ಕೊಡೆ ಮತ್ತು ಚಪ್ಪಲಿಯ ಅಂಗಡಿ. ಎಂಟನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ನಾನು ಪಾಸಾಗಿ ಮುಂದೆ ಹೋದೆ, ಅವನು ಬಸ್ಸಿನ ಟಾಪು ಹತ್ತಿದ. ಉಪ್ಪಿನಂಗಡಿ ಬಸ್ಸಿಗೆ ಬಾಳೆಗೊನೆ, ಮೂಟೆ, ಮೀನಿನ ಬುಟ್ಟಿ ಹೇರಿ ಇಳಿಸುತ್ತ ಹನ್ನೆರಡು ವರ್ಷ ಕಳೆದು, ಕೊನೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರು ಕೂತ. ನಾಲ್ಕು ಜನರ ಎದುರು ಅವನಿಗೆ ನಾನು ‘ಮಾಷ್ಟ್ರೆ, ನೀವು’. ಇಬ್ಬರೇ ಇದ್ದರೆ ‘ಎಂತ ಮಾರಾಯ, ನೀನು’.

ಅವನ ತಮ್ಮ ದುಬೈಯಿಂದ ರಜೆಯಲ್ಲಿ ಬಂದವನು ಒಂದು ಹಳೆಯ ಅಂಬಾಸಡರ್ ತೆಗೆದು, ಒಂದು ತಿಂಗಳು ಓಡಿಸಿ, ಬೀಗದಕೈಯನ್ನು ಅಣ್ಣನ ಅಂಗೈಯಲ್ಲಿಟ್ಟು ವಿಮಾನ ಹತ್ತಿದ. ಅಣ್ಣ ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್, ನಮ್ಮ ಕಡೆಯ ಮಾತಿನಲ್ಲಿ ಕಾರು ಬಿಡುವುದು, ಕಲಿತ. ಲೈಸೆನ್ಸೂ ಸಿಕ್ಕಿತು. ಆದರೆ ಅವನ ತಾಯಿ, ಅವನಿಗೆ ಉಮ್ಮ, ಕಾರಿಗೆ ಕಾಲಿಡಲಿಲ್ಲ. ಮಗಳನ್ನು ಕೊಟ್ಟದ್ದು ಫರಂಗಿಪೇಟೆಗೆ; ಅಲ್ಲಿಗೆ ಹೋಗಬೇಕಾದರೆ ಪಾಣೆಮಂಗಳೂರಿನ ಅದೇ ಸೇತುವೆ, ಉಮ್ಮನ ಬಾಯಲ್ಲಿ ಸಂಕ, ದಾಟಬೇಕು. ಉಮ್ಮ ಒಂದೇ ಮಾತು ಹೇಳಿದ್ದರು: “ಆ ಸಂಕ ನೀನೇ ಕಾರು ಬಿಟ್ಟುಕೊಂಡು ದಾಟಿ ಬಾ. ಮತ್ತೆ ನಾನು ಕೂತುಕೊಳ್ತೇನೆ. ಅಲ್ಲಿವರೆಗೆ ನನಗೆ ಬಸ್ಸು ಉಂಟು.”

ಹಾಗಾಗಿ ಮೇ ತಿಂಗಳಲ್ಲಿ, ಮಳೆಗಾಲದ ಕೊಡೆ ಚಪ್ಪಲಿಗಳ ಸರಕು ತರುವ ನೆಪದಲ್ಲಿ, ಮಂಗಳೂರು ಪ್ರಯಾಣ ನಿಶ್ಚಯವಾಯಿತು. ಹೋಗುವುದು ಒಂದು ದಿನಕ್ಕೆ, ಅದರ ಯೋಜನೆ ನಡೆದದ್ದು ಮೂರು ವಾರ. ಶಾಲೆಗೆ ಬೇಸಗೆ ರಜೆ; ಸಂಜೆಯಾದದ್ದೇ ಅವನ ಅಂಗಡಿಗೆ ಹೋಗಿ ಕೂರುವುದು, ಪಟ್ಟಿಗೆ ಒಂದು ಸೇರಿಸುವುದು. ಅವನು ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸುತ್ತಲೇ ಓದಿಸಿ ಕೇಳುತ್ತಿದ್ದ, ಗಿರಾಕಿ ಹೋದ ಮೇಲೆ ಕೆಣಕುತ್ತಿದ್ದ.

“ನಾವು ಮಂಗಳೂರಿಗೆ ಹೋಗುದಾ, ಯುದ್ಧಕ್ಕೆ ಹೋಗುದಾ?”

“ಬರೆದಿಟ್ಟದ್ದು ಆಗುವುದಿಲ್ಲ ಮಾರಾಯ. ಬರೆಯದೆ ಬಿಟ್ಟದ್ದೇ ಆಗುವುದು.”

“ಹಾಗಾದ್ರೆ ಇಬ್ಬರೂ ಸಾಯುದು ಅಂತ ಬರೆ. ನೂರು ವರ್ಷ ಬದುಕುವ.”

ಬರೆದೆ. ಅದು ಇಪ್ಪತ್ತನೆಯದು.

ಅವನಿಗೊಂದು ಅಭ್ಯಾಸವಿತ್ತು. ಕಾರಿಗೆ ಹತ್ತುವಾಗ ಮನೆಯ ಹೊಸ್ತಿಲು ದಾಟುವವರ ಹಾಗೆ ಚಪ್ಪಲಿಯನ್ನು ಹೊರಗೆ ಬಿಡುತ್ತಿದ್ದ, ಆಮೇಲೆ ಬಗ್ಗಿ ಕೈಯಲ್ಲಿ ಎತ್ತಿ ಸೀಟಿನ ಅಡಿಗೆ ಇಡುತ್ತಿದ್ದ. ಬರಿಗಾಲಿನಲ್ಲೇ ಕ್ಲಚ್ಚು, ಬ್ರೇಕು. “ಚಪ್ಪಲಿ ಮಾರುವವನೇ ಹೀಗೆ ಮಾಡಿದರೆ ಹೇಗೆ?” ಅಂತ ನಾನು ಕೆಣಕಿದರೆ, “ಹೊಸ ಕಾರು, ಮಣ್ಣಾಗ್ತದೆ” ಎನ್ನುತ್ತಿದ್ದ. ಕಾರಿಗೆ ಆಗ ಹದಿನಾಲ್ಕು ವರ್ಷ.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು.

ಹೊರಡುವುದಕ್ಕೆ ಐದು ದಿನ ಇರುವಾಗ ಉಪ್ಪಿನಂಗಡಿಯಲ್ಲಿ ಬಸ್ಸು ಕಾಯುತ್ತ ಹೋಟೆಲಿಗೆ ಹೋದೆ. ಅಲ್ಲಿ ಡ್ರೈವರಣ್ಣ ಕೂತು ಬನ್ಸು ತಿನ್ನುತ್ತಿದ್ದರು. ನಮ್ಮ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಬಿಟ್ಟು ನಿವೃತ್ತರಾದವರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಎಲ್ಲರಿಗೂ ಡ್ರೈವರಣ್ಣ. ಅವರನ್ನು ಕಂಡದ್ದೇ ನನ್ನ ಪಟ್ಟಿಯ ಖಾಲಿ ಜಾಗ ತುಂಬಿಬಿಟ್ಟಿತು.

ನಮ್ಮ ಕಡೆ ದಾರಿಬದಿಯಲ್ಲಿ ಗುರುತಿನವರು ನಿಂತಿದ್ದರೆ ಗಾಡಿ ನಿಲ್ಲಿಸದೆ ಹೋಗುವ ಕ್ರಮ ಇಲ್ಲ. ಜೀಪಿರಲಿ, ಕಾರಿರಲಿ, ಅಕ್ಕಿ ಹೇರಿದ ಲಾರಿಯೇ ಇರಲಿ, ನಿಲ್ಲಿಸಬೇಕು, “ಎಲ್ಲಿಗೆ?” ಅಂತ ಕೇಳಬೇಕು, ಹತ್ತಿಸಿಕೊಳ್ಳಬೇಕು. ಆ ಕ್ರಮವನ್ನೇ ನಾನು ಉಪಯೋಗಿಸಿಕೊಂಡೆ. ಸೋಮವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಡ್ರೈವರಣ್ಣ ಉಪ್ಪಿನಂಗಡಿಯಲ್ಲಿ ನಮ್ಮ ದಾರಿ ಹೈವೇ ಸೇರುವಲ್ಲಿ ನಿಂತಿರಬೇಕು, ಮಂಗಳೂರಿಗೆ ಹೊರಟವರ ಹಾಗೆ. ಅವನ ಪಕ್ಕದಲ್ಲಿ ಕೂತು ಸೇತುವೆಯಲ್ಲಿ ನಾಲ್ಕು ಮಾತು ಹೇಳಿಕೊಟ್ಟರೆ ಸಾಕು. “ನಾನು ಹೇಳಿದ್ದು ಅಂತ ಅವನಿಗೆ ಗೊತ್ತಾಗುವುದು ಬೇಡ” ಅಂತ ಎರಡು ಸಲ ಅಂದೆ.

“ಅದಕ್ಕೆಂತ ಮಾಷ್ಟ್ರೆ,” ಅಂದರು ಡ್ರೈವರಣ್ಣ. “ನನಗೂ ಮನೆಯಲ್ಲಿ ಕೂತು ಕೈ ತುರಿಸ್ತದೆ.”

ಮನೆಗೆ ಬರುವ ಬಸ್ಸಿನಲ್ಲಿ ನನ್ನನ್ನು ನಾನೇ ಹೊಗಳಿಕೊಂಡೆ. ಸ್ನೇಹಿತನ ಮೇಲೆ ಎಷ್ಟು ಕಾಳಜಿ ನೋಡು ಅಂತ. ಕಾಳಜಿ ಇದ್ದದ್ದು ನನ್ನ ಜೀವದ ಮೇಲೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಅವನಿಗೆ ಉಪ್ಪಿನಂಗಡಿಯಿಂದ ಮಾಣಿಗೆ ಹೋಗುವಷ್ಟು ಹೊತ್ತು ಸಾಕಾಯಿತು.

ಸೋಮವಾರ ಏಳೂವರೆಗೆ ಹೊರಟೆವು. ಉಮ್ಮ ಜಗಲಿಯಲ್ಲಿ ನಿಂತು ಬಾಯಲ್ಲೇ ಏನೋ ಓದಿ ಕಾರಿನ ಕಡೆ ಊದಿದರು. ಅವನು ಹೊಸ ಅಂಗಿ, ಅಂಗಡಿಯಿಂದಲೇ ತೆಗೆದ ಹೊಸ ಚಪ್ಪಲಿ. ಆಲಂಕಾರಿನ ತಿರುವಿನಲ್ಲಿ ಲಾರಿಯೂ ಬಂತು, ದನವೂ ಬಂತು. ಎರಡಕ್ಕೂ ಅವನು ದಾರಿ ಬಿಟ್ಟುಕೊಟ್ಟ ಚಂದ ನೋಡಿದರೆ ನನ್ನ ಪಟ್ಟಿಗೇ ನಾಚಿಕೆಯಾಗಬೇಕು. ಗೇರು ಬದಲಿಸುವಾಗ ನಾಲಗೆಯ ತುದಿ ಸ್ವಲ್ಪ ಹೊರಗೆ ಬರುತ್ತಿತ್ತು, ಅಷ್ಟೇ. ಒಮ್ಮೆ ನನ್ನ ಕಡೆ ತಿರುಗಿ, “ಹೇಗುಂಟು?” ಅಂದ. “ಎದುರು ನೋಡು” ಅಂದೆ.

ಉಪ್ಪಿನಂಗಡಿಯಲ್ಲಿ ಡ್ರೈವರಣ್ಣನನ್ನು ಮೊದಲು ಕಂಡದ್ದು ಅವನೇ. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಾಳೆಹಣ್ಣಿನ ದೊಡ್ಡ ಚೀಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ವೇಷ ಕಟ್ಟಿದ್ದರು.

“ಯಾ ಅಲ್ಲಾ, ಡ್ರೈವರಣ್ಣ ಅಲ್ವಾ ಅದು!”

ಕಾರು ನಿಂತಿತು. ಅವನು ಸೀಟಿನ ಅಡಿಯಿಂದ ಚಪ್ಪಲಿ ತೆಗೆದು ಹಾಕಿಕೊಂಡು ಇಳಿದ. ನಾನೂ ಇಳಿದು, ಯೋಜನೆಯ ಪ್ರಕಾರ ನನ್ನ ಬದಿಯ ಬಾಗಿಲು ತೆರೆದು ಹಿಡಿದೆ. ಆದರೆ ನನ್ನ ಇಪ್ಪತ್ತಮೂರರಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿ ನಡೆಯಿತು. ಯಾರ ಬಸ್ಸಿನ ಟಾಪಿನಲ್ಲಿ ಹನ್ನೆರಡು ವರ್ಷ ದುಡಿದಿದ್ದನೋ ಅವರು ದಾರಿಯಲ್ಲಿ ನಿಂತಿದ್ದರು. ಅವರ ಎದುರು ಇವನು ಸ್ಟೇರಿಂಗ್ ಹಿಡಿಯುವುದುಂಟೇ? ಚಾಲಕನ ಬಾಗಿಲು ತೆರೆದು, ಹೆಗಲ ಶಾಲಿನಿಂದ ಸೀಟು ಒರೆಸಿದ.

“ಬನ್ನಿ ಅಣ್ಣ. ನೀವು ಇರುವಾಗ ನಾನು ಬಿಡುದಾ?”

“ಏ, ಬೇಡ ಬೇಡ. ನಿನ್ನ ಕಾರು, ನೀನೇ ಬಿಡು” ಅಂದರು ಡ್ರೈವರಣ್ಣ. ಅನ್ನುವಾಗಲೇ ಅವರ ಕೈ ಸ್ಟೇರಿಂಗ್ ಮೇಲಿತ್ತು.

ಅವನು ಅವರ ಬಾಳೆಹಣ್ಣಿನ ಚೀಲವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ತನ್ನ ಕಾರಿನ ಹಿಂದಿನ ಸೀಟಿನಲ್ಲಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತ. ನಾನು ಮುಂದೆ ಕೂತೆ. ಬಾಯಿಬಿಟ್ಟು ಹೇಳುತ್ತೇನೆ, ಆಗ ನನಗೆ ಎಂಥ ಸುಖ! ಲಿಂಬೆಹುಳಿ ಮೂಸಬೇಕೆಂದೂ ಅನಿಸಲಿಲ್ಲ.

ಮಾಣಿ ಹತ್ತಿರವಾದಾಗ ಡ್ರೈವರಣ್ಣ ಮಾತಿನ ರಭಸದಲ್ಲಿ ಅಂದರು: “ಮಾಷ್ಟ್ರು ಒಂಬತ್ತು ಅಂದಿದ್ದರು. ನಾನು ಎಂಟಕ್ಕೇ ಬಂದು ನಿಂತೆ. ನೀವು ಮೊದಲೇ ದಾಟಿದರೆ ಕಷ್ಟ ಅಲ್ವಾ.”

ನಾನು ಕಿಟಕಿಯ ಹೊರಗಿನ ಮೈಲುಗಲ್ಲುಗಳನ್ನು ಬಹಳ ಆಸಕ್ತಿಯಿಂದ ಓದಿದೆ. ಡ್ರೈವರಣ್ಣನಿಗೂ ತಾನು ಅಂದದ್ದು ಏನೆಂದು ತಿಳಿಯಿತು ಕಾಣುತ್ತದೆ. ಪಾಪ, ಒಳ್ಳೆಯ ಮನುಷ್ಯ. ಸೇತುವೆ ಕಾಣುವಲ್ಲಿ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು.

“ಈಗ ನೀನು ಬಿಡು ಮಾರಾಯ. ನಾನು ಹತ್ತಿರ ಕೂತುಕೊಳ್ತೇನೆ. ಉಮ್ಮನಿಗೆ ಹೇಳಬೇಡವಾ?”

ಅವನು ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡ.

“ಬೇಡ ಅಣ್ಣ,” ಅಂದ. “ಮಾಷ್ಟ್ರಿಗೆ ಹೆದರಿಕೆ ಆಗ್ತದೆ.”

ನಾನು ಆಗ ‘ಇಲ್ಲ ಮಾರಾಯ, ನೀನೇ ಬಿಡು’ ಅನ್ನಬಹುದಿತ್ತು. ನಾಲ್ಕು ಶಬ್ದ. ನಾಲ್ಕನ್ನೂ ಬಾಯಿಯವರೆಗೆ ತಂದಿದ್ದೆ. ಅಷ್ಟರಲ್ಲಿ ಆಚೆಯಿಂದ ಒಂದು ಬಸ್ಸು ಸೇತುವೆಗೆ ಇಳಿಯಿತು, ಅದರ ಅಗಲ ನೋಡಿದೆ, ಕೆಳಗಿನ ನೀರು ನೋಡಿದೆ, ಸುಮ್ಮನಾದೆ. ಡ್ರೈವರಣ್ಣ ನನ್ನ ಮುಖ ನೋಡಿ ಗೇರು ಹಾಕಿದರು. ಸೇತುವೆ ಎಷ್ಟು ಸಲೀಸಾಗಿ ದಾಟಿದೆವೆಂದರೆ, ದಾಟಿದ್ದು ನೆನಪಿಲ್ಲ. ನೆನಪಿರುವುದು ಕನ್ನಡಿಯಲ್ಲಿ ಕಂಡ ಬಾಳೆಹಣ್ಣಿನ ಚೀಲ ಮತ್ತು ಅದನ್ನು ಹಿಡಿದ ಎರಡು ಕೈ.

ಮಂಗಳೂರಿನಲ್ಲಿ ಒಂದೂ ತೊಂದರೆಯಿಲ್ಲ. ಹಂಪನಕಟ್ಟೆಯ ಪೊಲೀಸನು ಡ್ರೈವರಣ್ಣನಿಗೆ ಕೈ ಎತ್ತಿ ನಮಸ್ಕಾರವನ್ನೇ ಮಾಡಿದ. ಬಂದರಿನ ಸಗಟು ಅಂಗಡಿಗಳ ಸಂದಿಯಲ್ಲಿ ನಡೆಯುವಾಗ ನನಗೆ ಕಂಡಿತು, ಸ್ನೇಹಿತ ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದಾನೆ, ನೆರಳು ಹುಡುಕಿ ಹುಡುಕಿ. ಬರಿಗಾಲು. ಮೇ ತಿಂಗಳ ಡಾಂಬರು.

“ಚಪ್ಪಲಿ ಎಲ್ಲಿ ಮಾರಾಯ?”

“ಉಪ್ಪಿನಂಗಡಿಯಲ್ಲಿ ಉಳೀತು. ಕೈಯಲ್ಲಿ ಚೀಲ ಇತ್ತಲ್ಲ.”

ಹೊಸ್ತಿಲಲ್ಲಿ ಬಿಡುವ ಹಾಗೆ ಬಾಗಿಲ ಹೊರಗೆ ಬಿಟ್ಟಿದ್ದಾನೆ. ಎತ್ತಿ ಒಳಗಿಡಲು ಕೈ ಖಾಲಿ ಇರಲಿಲ್ಲ.

ಸರಕು ತೆಗೆದ ಅಂಗಡಿಯ ಎದುರು, ಅವನ ಸುತ್ತ, ಡಜನುಗಟ್ಟಲೆ ಚಪ್ಪಲಿಗಳನ್ನು ಚೀಲಕ್ಕೆ ತುಂಬಿಟ್ಟು ಆಳುಗಳು ಒಳಗೆ ಹೋಗಿದ್ದರು. “ಇದರಲ್ಲೇ ಒಂದು ಜೊತೆ ಹಾಕಿಕೋ” ಅಂದೆ.

“ಅದು ಮಾರುವ ಸರಕು ಮಾಷ್ಟ್ರೆ. ನೀವು ನೆರಳಿಗೆ ಬನ್ನಿ, ತಲೆ ಸುತ್ತೀತು.”

ಡ್ರೈವರಣ್ಣ ಕಾರಿನ ಹತ್ತಿರ ಉಳಿದಿದ್ದರು, ಅಲ್ಲಿ ನಾವಿಬ್ಬರೇ ಇದ್ದೆವು. ‘ನೀವು’ ಅಂದ.

ಆಮೇಲೆ ಅವನು ಆ ಸೇತುವೆಯನ್ನು ಎಷ್ಟೋ ಸಲ ದಾಟಿದ್ದಾನೆ, ಒಬ್ಬನೇ. ಹೋಗಿ ಬಂದ ಮೇಲೆ ಹೇಳುತ್ತಾನೆ, ಹೋಗುವ ಮೊದಲು ಹೇಳುವುದಿಲ್ಲ. ಆ ವರ್ಷ ಮುಂದಿನ ವಾರವೇ ಮಳೆ ಹಿಡಿದು ಅವನು ಸಂಕ ದಾಟುವುದು ಮುಂದೆ ಹೋದದ್ದರಿಂದ ಉಮ್ಮ ಮಗಳ ಮನೆಗೆ ಬಸ್ಸಿನಲ್ಲಿಯೇ, ನೆನೆಯುತ್ತ ಹೋಗಿ ಬಂದರು. ಕಾರಿನಲ್ಲಿ ಕೂತದ್ದು ಮರುವರ್ಷ. ನಾನು ಈಗಲೂ ಸಂಜೆ ಅಂಗಡಿಗೆ ಹೋಗುತ್ತೇನೆ. ಸ್ಟೂಲು ಕೊಡುತ್ತಾನೆ, ಚಾ ತರಿಸುತ್ತಾನೆ. ಒಂದು ಮಾತೂ ಆಡಿ ತೋರಿಸಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ದಿನ ಹಿಂದೆ ಬರುವಾಗ ಉಪ್ಪಿನಂಗಡಿಯಲ್ಲಿ ಡ್ರೈವರಣ್ಣನನ್ನು ಇಳಿಸಿ ಚಪ್ಪಲಿ ಹುಡುಕಿದೆವು. ಇರಲಿಲ್ಲ. ಅಲ್ಲಿಂದ ಕಡಬಕ್ಕೆ ಅವನೇ ಬಿಟ್ಟ, ಬೆಳಗ್ಗಿಗಿಂತಲೂ ಚೆನ್ನಾಗಿ. ನಾಲಗೆ ಹೊರಗೆ ಬರಲಿಲ್ಲ. ಬೆಳಕಿರುವಾಗಲೇ ಮನೆ ಮುಟ್ಟಿದೆವು. ಉಮ್ಮ ಜಗಲಿಯಲ್ಲೇ ಇದ್ದರು. ನನಗೆ ನೀರು, ಬೆಲ್ಲ ತರಿಸಿದರು.

“ಸಂಕ?”

“ದಾಟಿದೆವು ಉಮ್ಮ.”

“ನೀನೇ ಬಿಟ್ಟದ್ದಾ?”

ಸುಳ್ಳು ಹೇಳಿದ್ದರೆ ನಾನು ಸಾಕ್ಷಿ ಹೇಳಲು ತಯಾರಿದ್ದೆ. ಅಂಥದ್ದರಲ್ಲಿ ನಾನು ಗಟ್ಟಿ.

“ಇಲ್ಲ. ಇನ್ನೊಮ್ಮೆ.”

ಉಮ್ಮ ಮಗನನ್ನು ಮೇಲಿಂದ ಕೆಳಗೆ ನೋಡುತ್ತ ಬಂದು, ಕಾಲಿನ ಮೇಲೆ ಕಣ್ಣು ನಿಲ್ಲಿಸಿದರು.

“ಹೊಸ ಚಪ್ಪಲಿ ಎಂತಾಯ್ತು?”

“ಹೋಯ್ತು ಉಮ್ಮ. ಅದೊಂದೇ ಹೋದದ್ದು. ಬೇರೆ ಎಲ್ಲ ಸಮ ಉಂಟು.”

“ಕಾರಿನಲ್ಲಿ ಹೋದವನ ಚಪ್ಪಲಿ ಹೋಗುದು ಹೇಗೆ?” ಅಂದರು ಉಮ್ಮ, ನನ್ನ ಕಡೆ ತಿರುಗಿ. ಲೆಕ್ಕದ ಮಾಷ್ಟ್ರಲ್ಲವೇ, ಗೊತ್ತಿದ್ದೀತು ಅಂತ.

ನಾನು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡೆ.