ಆರನೇ ಭಾಗದ ವಿರುದ್ಧ ನಾಲ್ಕು ಮಾತು

ನೋಡಿದ ಸಿನಿಮಾವನ್ನು ಬೈಯುವುದು ಯಾರಿಗಾದರೂ ಬರುತ್ತದೆ. ನೋಡದ ಸಿನಿಮಾವನ್ನು ಬೈಯಲು ತರಬೇತಿ ಬೇಕು. ನನಗೆ ಆ ತರಬೇತಿ ಇದೆ. ಪಿಯುಸಿಯಿಂದ ಹಿಡಿದು ಡಿಗ್ರಿ ಮುಗಿಯುವ ತನಕ ಶಿವಮೊಗ್ಗದ ಸುತ್ತಮುತ್ತ ಎಲ್ಲೆಲ್ಲಿ ಚರ್ಚಾಸ್ಪರ್ಧೆ ನಡೆಯಿತೋ ಅಲ್ಲೆಲ್ಲ ಮೈಕಿನ ಮುಂದೆ ನಿಂತಿದ್ದೇನೆ. ಹಿಂದಿನ ದಿನದವರೆಗೆ ಯೋಚಿಸಿಯೇ ಇರದ ವಿಷಯಗಳನ್ನು ತೊಟ್ಟಿಲಿನಿಂದಲೇ ದ್ವೇಷಿಸುತ್ತ ಬಂದವಳ ಹಾಗೆ ಖಂಡಿಸಿದ್ದೇನೆ. ಮೊಬೈಲು, ವಿಜ್ಞಾನ, ಹಳ್ಳಿ, ಪಟ್ಟಣ, ಪರೀಕ್ಷೆ, ಪರೀಕ್ಷೆ ಇಲ್ಲದಿರುವಿಕೆ, ಯಾವುದನ್ನೂ ಬಿಟ್ಟಿಲ್ಲ.

ಈ ಸ್ಪರ್ಧೆಗಳ ನಿಯಮವನ್ನು ಸ್ವಲ್ಪ ಹೇಳಬೇಕು. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಷೀಲ್ಡು ಕೊಡುತ್ತಾರೆ. ಅಂದರೆ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಿದವರು ಕೆಳಗಿಳಿದು ಒಂದೇ ಷೀಲ್ಡನ್ನು ಆಚೆ ಈಚೆ ಹಿಡಿದುಕೊಂಡು ಫೋಟೋಕ್ಕೆ ನಿಲ್ಲಬೇಕು. ನಮ್ಮ ಕಾಲೇಜಿನ ಕಾಯಂ ವಿರೋಧ ನಾನು. ಕಾಯಂ ಪರ ನಾಜಿಯಾ. ಅವಳ ಹುಟ್ಟುಗುಣವೇ ಪರ. ಕ್ಯಾಂಟೀನಿನ ಉಪ್ಪಿಟ್ಟನ್ನು ಇಡೀ ಕಾಲೇಜು ಬಹಿಷ್ಕರಿಸಿದ್ದಾಗ ಅವಳು ಮಾತ್ರ ತಟ್ಟೆ ಹಿಡಿದು ಕೂತು, "ಬಿಸಿ ಇದೆಯಲ್ಲ ಮಾರಾಯ್ತಿ, ಅದೇನು ಕಮ್ಮಿನಾ?" ಎಂದಿದ್ದಳು.

ಈಗ ನಾನು ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೇನೆ. ಅವಳು ಅಲ್ಲಿಯೇ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇಬ್ಬರ ಮನೆಯೂ ಭದ್ರಾವತಿ. ಹೀಗಾಗಿ ಸಂಜೆಯ ಬಸ್ಸು ನಮ್ಮ ಚರ್ಚಾವೇದಿಕೆ. ಇಲ್ಲಿಯೂ ನಿಯಮವಿದೆ. ಕಿಟಕಿ ಪಕ್ಕ ಕೂತವರು ಪರ, ಈಚೆ ಕೂತವರು ವಿರೋಧ. ವಿದ್ಯಾನಗರ ದಾಟಿ ಮಲವಗೊಪ್ಪ ಬಂದ ತಕ್ಷಣ ಎದ್ದು ಸೀಟು ಬದಲಿಸಬೇಕು. ಸೀಟಿನ ಜೊತೆ ಪಕ್ಷವೂ ಬದಲು. ಅಲ್ಲಿಯ ತನಕ ಖಂಡಿಸಿದ್ದನ್ನು ಅಲ್ಲಿಂದ ಮುಂದೆ ಅಷ್ಟೇ ಕಣ್ಣೀರಿಟ್ಟು ಸಮರ್ಥಿಸಬೇಕು. ಕಂಡಕ್ಟರು ಮೊದಮೊದಲು, "ಏನ್ರಮ್ಮಾ, ಒಂದ್ ಕಡೆ ಕೂತ್ಕೊಳ್ಳಕ್ಕಾಗಲ್ವಾ ನಿಮ್ಗೆ?" ಎಂದು ಗದರುತ್ತಿದ್ದರು. ಈಗ ಮಲವಗೊಪ್ಪ ಬಂದರೆ ಅವರೇ, "ಹ್ಞೂಂ, ಏಳಿ ಏಳಿ" ಎನ್ನುತ್ತಾರೆ.

ಈ ಪದ್ಧತಿಯ ಲಾಭ ಏನೆಂದರೆ, ಭದ್ರಾವತಿ ಮುಟ್ಟುವಷ್ಟರಲ್ಲಿ ಇಬ್ಬರೂ ಎರಡೂ ಕಡೆ ಕೂಗಾಡಿ ಮುಗಿಸಿರುತ್ತೇವೆ. ಯಾರ ನಂಬಿಕೆಯೂ ಒಂದು ಕೂದಲಷ್ಟು ಅಲುಗಿರುವುದಿಲ್ಲ. ನಗುತ್ತ ಇಳಿದು ಮನೆಗೆ ಹೋಗುತ್ತೇವೆ. ನ್ಯಾಯಾಂಗವೂ ಹೀಗೆಯೇ ನಡೆದರೆ ಚೆನ್ನ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅದನ್ನು ಪರೀಕ್ಷೆಯಲ್ಲಿ ಬರೆಯುವಂತಿಲ್ಲ.

ನಮ್ಮ ಚರ್ಚೆಯ ಅತಿ ಹಳೆಯ ವಿಷಯ 'ಹಾಜರಿ ಮೇಷ್ಟ್ರು'. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮುಚ್ಚಿಹೋದ ಶಾಲೆಯೊಂದರಲ್ಲಿ ಸತ್ತ ಹೆಡ್‌ಮೇಷ್ಟರ ದೆವ್ವ. ರಾತ್ರಿ ಹಾಜರಿ ಕರೆಯುತ್ತದೆ. ಹೆಸರು ಕರೆದಾಗ ಉತ್ತರ ಕೊಡದವರು ಬೆಳಗಾಗುವುದರೊಳಗೆ ಕಾಣೆ. ಮೊದಲನೇ ಭಾಗ ಬಂದಾಗ ನಾವಿಬ್ಬರೂ ಏಳನೇ ಕ್ಲಾಸು. ಅದು ನಿಜಕ್ಕೂ ಒಳ್ಳೆಯ ಸಿನಿಮಾ, ಇದನ್ನು ವಿರೋಧದ ಸೀಟಿನಿಂದಲೇ ಒಪ್ಪಿಕೊಳ್ಳುತ್ತೇನೆ. ಎರಡನೆಯದರಲ್ಲಿ ಮೇಷ್ಟರಿಗೆ ಹೆಂಡತಿ ಬಂದಳು, ಅವಳೂ ದೆವ್ವ, ಹೊಲಿಗೆ ಟೀಚರ್. ಮೂರನೆಯದರಲ್ಲಿ ಮೇಷ್ಟರು ಲಂಡನ್ನಿಗೆ ಹೋದರು, ಯಾಕೆಂದು ನಿರ್ಮಾಪಕರಿಗೂ ಗೊತ್ತಿಲ್ಲ. ಅಲ್ಲಿ ಥೇಮ್ಸ್ ನದಿಯ ದಡದಲ್ಲಿ ಅವರಿಗೆ ಮುಕ್ತಿ ಸಿಕ್ಕಿತು. ನಾಲ್ಕನೆಯದರಲ್ಲಿ ಮುಕ್ತಿ ಸಿಕ್ಕಿದ್ದು ಅವರ ಅವಳಿ ತಮ್ಮನಿಗೆಂದು ತಿಳಿದುಬಂತು. ಐದನೆಯದು ಮೇಷ್ಟರು ಬದುಕಿದ್ದ ಕಾಲದ ಕಥೆ. ಅಂದರೆ ದೆವ್ವದ ಸಿನಿಮಾದಲ್ಲಿ ದೆವ್ವವೇ ಇಲ್ಲ. ಬಿಸಿಲಲ್ಲಿ ಸೈಕಲ್ ತುಳಿಯುತ್ತ, ಸೊಸೈಟಿಯಲ್ಲಿ ಸೀಮೆಎಣ್ಣೆಗೆ ನಿಲ್ಲುತ್ತ, ಪಾಪ, ಒಬ್ಬ ಸರ್ಕಾರಿ ನೌಕರ.

ಭಾಗದ ಮೇಲೆ ಭಾಗ ತರುವ ಚಟ ಸಿನಿಮಾದವರಿಂದ ಶುರುವಾದದ್ದಲ್ಲ ಬಿಡಿ. ನಮ್ಮ ದಶಾವತಾರವನ್ನೇ ನೋಡಿ. ನಾಯಕ ಒಬ್ಬನೇ, ಪ್ರತಿ ಸಲ ಹೊಸ ವೇಷ, ಹೊಸ ಖಳ, ಕೊನೆಗೆ ಅದೇ ಧರ್ಮಸ್ಥಾಪನೆ. ಅಭಿಮಾನಿಗಳು ಯಾವ ಅವತಾರ ಹೆಚ್ಚು, ಯಾವುದು ಕಡಿಮೆ ಎಂದು ಇವತ್ತಿಗೂ ಜಗಳವಾಡುತ್ತಾರೆ. ಒಂಬತ್ತನೆಯದು ಯಾರೆಂಬುದರ ಬಗ್ಗೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಪಟ್ಟಿಗಳಿವೆ. ಹತ್ತನೆಯದರ ಘೋಷಣೆಯಾಗಿ ಯುಗವೇ ಕಳೆಯುತ್ತ ಬಂತು. ಕುದುರೆ, ಕತ್ತಿ ಎಲ್ಲ ಪೋಸ್ಟರಿನಲ್ಲಿ ಬಂದಾಗಿದೆ. ಬಿಡುಗಡೆಯ ಸುದ್ದಿ ಇಲ್ಲ. ಆದರೂ ಒಬ್ಬ ಅಭಿಮಾನಿಯೂ ಕೈಬಿಟ್ಟಿಲ್ಲ. ಇದನ್ನು ನಮ್ಮಜ್ಜಿಗೆ ಹೇಳಿದ್ದಕ್ಕೆ, "ಅಧಿಕಪ್ರಸಂಗ ಮಾಡ್ಬೇಡ, ದೀಪ ಹಚ್ಚು" ಎಂದಿದ್ದರು.

ಸರಿ, ಆರನೇ ಭಾಗದ ಟ್ರೇಲರ್ ಬಂತು. ಮೇಷ್ಟರು ಈ ಸಲ ಆನ್‌ಲೈನ್ ಕ್ಲಾಸಿನಲ್ಲಿ ಹಾಜರಿ ಕರೆಯುತ್ತಾರೆ! ಲ್ಯಾಪ್‌ಟಾಪಿನ ಪರದೆಯಿಂದ ಬೆತ್ತ ಹೊರಗೆ ಬರುತ್ತದೆ. ಮೇಷ್ಟರ ಪಾತ್ರದ ನಟರಿಗೆ ವಯಸ್ಸಾದ್ದರಿಂದ ಕಂಪ್ಯೂಟರಿನಲ್ಲಿ ಅವರ ಮುಖ ತಿದ್ದಿ ಸಣ್ಣವರನ್ನಾಗಿ ಮಾಡಿದ್ದಾರೆ. ಬೇಯಿಸಿದ ಮೊಟ್ಟೆಗೆ ಮೀಸೆ ಬರೆದ ಹಾಗಿದೆ. ಅವತ್ತು ಸಂಜೆ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ವಿರೋಧದ ಸೀಟು. ದೇವರು ಒಮ್ಮೊಮ್ಮೆ ಹಾಗೆ ಕೈತುಂಬ ಕೊಡುತ್ತಾನೆ.

ಶುರುಮಾಡಿದೆ. "ಮೊದಲನೇ ಪಾಯಿಂಟು: ಮುಕ್ತಿ ಒಂದು ಸಲ ಇತ್ಯರ್ಥವಾದ ವಿಷಯ. ಅದೇ ವಿಷಯಕ್ಕೆ ಮತ್ತೆ ಕೋರ್ಟಿಗೆ ಬರಂಗಿಲ್ಲ. ಎರಡನೇದು: ದೆವ್ವಕ್ಕೆ ವಯಸ್ಸಾಗುತ್ತೆ ಅಂತಾದ್ರೆ ಸಾಯೋದ್ರಿಂದ ಏನು ಲಾಭ?"

ನಾಜಿಯಾ ಹೊಟ್ಟೆ ಹಿಡಿದು ನಗುತ್ತಿದ್ದಳು. ಮುಂದಿನ ಸೀಟಿನ ಹೆಂಗಸು ಒಬ್ಬರು ತಿರುಗಿ ಕೂತು ಕೇಳುತ್ತಿದ್ದರು. ಸಭೆ ನನ್ನ ಕೈಯಲ್ಲಿತ್ತು. ಸಭೆ ಕೈಗೆ ಸಿಕ್ಕಿದ ಭಾಷಣಕಾರರು ನಿಲ್ಲಿಸಿದ ಉದಾಹರಣೆ ಇತಿಹಾಸದಲ್ಲಿಲ್ಲ. ನಾನು ಮೂರನೇ ಪಾಯಿಂಟಿಗೆ ದನಿ ಇಳಿಸಿದೆ. ಅದು ನನ್ನ ಹಳೆಯ ಕಸುಬು, ಕೊನೆಯ ಪೆಟ್ಟಿಗೆ ದನಿ ಇಳಿಸಬೇಕು.

"ಕೊನೇದಾಗಿ ನನ್ನ ಎದುರಾಳಿ ಸ್ನೇಹಿತೆಗೆ ಒಂದು ಮಾತು. ನಿಂಗೆ ಇಷ್ಟ ಇರೋದು ಈ ಸಿನಿಮಾ ಅಲ್ವೇ ಅಲ್ಲ ಕಣೆ. ಏಳನೇ ಕ್ಲಾಸಿನ ನಾಜಿಯಾ. ಅವಳನ್ನ ಹುಡ್ಕೊಂಡು ನೀನು ಪ್ರತಿ ಸಲ ಥಿಯೇಟ್ರಿಗೆ ಹೋಗ್ತೀಯ. ಅವಳು ಅಲ್ಲಿಲ್ಲ. ಯಾವ ಭಾಗದಲ್ಲೂ ಇರಲ್ಲ."

ಮುಂದಿನ ಸೀಟಿನವರು "ಅಯ್ಯೋ" ಎಂದರು. ನನಗೆ ಅದು ಚಪ್ಪಾಳೆಯ ಹಾಗೆ ಕೇಳಿಸಿತು. ಅಷ್ಟರಲ್ಲಿ ಮಲವಗೊಪ್ಪ ಬಂತು. "ಏಳಿ ಏಳಿ" ಎಂದರು ಕಂಡಕ್ಟರು. ನಾಜಿಯಾ ಎದ್ದಳು. ಎದ್ದವಳು ಬ್ಯಾಗು ಹೆಗಲಿಗೆ ಹಾಕಿ, "ಖಾಲಾಗೆ ಹುಷಾರಿಲ್ಲ, ಇವತ್ತು ಇಲ್ಲೇ ಇರ್ತೀನಿ" ಎಂದು ಇಳಿದೇಬಿಟ್ಟಳು. ಅವಳ ಚಿಕ್ಕಮ್ಮನ ಮನೆ ಅಲ್ಲಿಯೇ ಇರುವುದು. ಬಸ್ಸು ಹೊರಟಿತು. ನಾನು ಪದ್ಧತಿಯಂತೆ ಕಿಟಕಿಯ ಸೀಟಿಗೆ ಸರಿದೆ. ಆರನೇ ಭಾಗದ ಪರವಾಗಿ ನಾನು ಹೇಳಬೇಕಿದ್ದ ಅಷ್ಟೂ ಮಾತು ಬಾಯಲ್ಲೇ ಉಳಿಯಿತು. ಕೇಳಬೇಕಾದವಳು ಅರ್ಧ ಚರ್ಚೆಯನ್ನಷ್ಟೇ ಹೊತ್ತುಕೊಂಡು ಹೋಗಿದ್ದಳು.

ಬಿಡುಗಡೆಯ ವಾರ ಅವಳೇ ಟಿಕೆಟ್ ಬುಕ್ ಮಾಡುವುದು ವಾಡಿಕೆ. ಈ ಸಲ ಸದ್ದಿಲ್ಲ. ನಾನೇ ಫೋನ್ ಮಾಡಿದೆ.

"ಇಲ್ಲ ಕಣೇ, ನಾನು ಬರಲ್ಲ" ಎಂದಳು.

"ಯಾಕೆ, ರಜೆ ಸಿಗಲಿಲ್ವಾ?"

"ರಜೆ ಏನೋ ಇದೆ. ನೀನು ಹೇಳಿದ್ದು ಯೋಚನೆ ಮಾಡ್ದೆ ಲಾಯರಮ್ಮ. ಸರಿನೇ ಅನ್ನಿಸ್ತು. ಮೊನ್ನೆ ಮೊದಲನೇ ಪಾರ್ಟ್ ಹಾಕ್ಕೊಂಡು ಕೂತೆ. ಮಜಾನೇ ಬರಲಿಲ್ಲ. ಅವಳು ಇಲ್ಲ ಅಲ್ಲಿ."

ಓದುಗರೇ, ಇಷ್ಟು ವರ್ಷದ ವಿರೋಧದಲ್ಲಿ ನಾನು ಯಾರನ್ನೂ ಒಪ್ಪಿಸಿದ್ದಿಲ್ಲ. ಷೀಲ್ಡು ಗೆದ್ದಿದ್ದೇನೆ. ತೀರ್ಪುಗಾರರು ಬೆನ್ನು ತಟ್ಟಿ, ಮನೆಗೆ ಹೋಗಿ ತಮ್ಮ ಮೊದಲಿನ ಅಭಿಪ್ರಾಯವನ್ನೇ ಇಟ್ಟುಕೊಂಡಿದ್ದಾರೆ. ನನ್ನ ಮಾತು ನಂಬಿದ ಮೊದಲ ವ್ಯಕ್ತಿ ನಾಜಿಯಾ. ನಂಬಿ ಅವಳು ಕಳೆದುಕೊಂಡದ್ದು ಒಂದು ಸಿನಿಮಾವನ್ನಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕಳೆದುಕೊಂಡದ್ದು ಏಳನೇ ಕ್ಲಾಸಿನಿಂದ ಜೋಪಾನ ಮಾಡಿದ್ದ ಒಂದು ಖುಷಿಯನ್ನು. ಇನ್ನು ನನ್ನ ಪಾಡು ಕೇಳಿ. ನಾಜಿಯಾ ಇಲ್ಲದೆ ಆ ಸಿನಿಮಾವನ್ನು ನಾನು ಯಾರ ಪಕ್ಕ ಕೂತು ಬೈಯಲಿ? ವಿರೋಧ ಎಂಬುದು ಒಂಟಿಯಾಗಿ ಮಾಡುವ ಕೆಲಸವೇ ಅಲ್ಲ.

ಬಾಕಿ ಉಳಿದಿದ್ದ ಪರ ವಾದವನ್ನು ಫೋನಿನಲ್ಲೇ ಮಂಡಿಸಲು ಹೊರಟೆ. ಸಾಮೂಹಿಕ ಸ್ಮೃತಿ ಎಂದೆ. ಜನಪದದಲ್ಲಿ ಪುನರಾವರ್ತನೆಯ ಸೌಂದರ್ಯ ಎಂದೆ. ಒಂದೇ ರಾಗವನ್ನು ದಿನವೂ ಹಾಡುವುದಿಲ್ಲವೇ ಎಂದೆ.

"ರಾಗಕ್ಕೆ ಮುಕ್ತಿ ಸಿಕ್ಕಿತ್ತಾ?" ಎಂದಳು.

ಮುಕ್ತಿ ಸಿಕ್ಕಿದ್ದು ಅವಳಿ ತಮ್ಮನಿಗಲ್ಲವೇ ಎಂಬ ವಾದ ತೆಗೆದೆ.

"ಚುಪ್. ಅದನ್ನ ಬಸ್ಸಲ್ಲಿ ನೀನೇ ಉಗಿದಿದ್ದು."

ನನ್ನ ಪ್ರತಿ ಮಾತಿಗೂ ನನ್ನದೇ ಮಾತು ತಿರುಗಿ ಬರುತ್ತಿತ್ತು. ನನ್ನಷ್ಟು ಕಿರಿಕಿರಿಯ ಎದುರಾಳಿ ಜಿಲ್ಲೆಯಲ್ಲೇ ಇಲ್ಲ ಎಂದು ಹಿಂದೆ ಒಬ್ಬ ತೀರ್ಪುಗಾರರು ಹೇಳಿದ್ದರು. ಅವರ ಮಾತು ಎಷ್ಟು ನಿಜವೆಂದು ಅನುಭವಿಸಿ ತಿಳಿದೆ. ಕೊನೆಗೆ ಪಾಯಿಂಟುಗಳೆಲ್ಲ ಖಾಲಿಯಾಗಿ ಬಾಯಿಗೆ ಬಂದದ್ದನ್ನು ಹೇಳಿದೆ:

"ನಂಗೆ ನೋಡ್ಬೇಕು ಮಾರಾಯ್ತಿ. ನೀನಿಲ್ದೆ ಆಗಲ್ಲ. ಬಾ."



"ಇದು ಯಾವ ಪಾಯಿಂಟು?"

"ಪಾಯಿಂಟಲ್ಲ."

"ಯಾ ಅಲ್ಲಾ! ಪಾಯಿಂಟಿಲ್ದೆ ಮಾತಾಡಕ್ಕೂ ಬರುತ್ತಾ ನಿಂಗೆ?" ನಗುತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. "ಬರ್ತೀನಿ. ನಿನ್ ಸಲುವಾಗಿ ಅಷ್ಟೇ. ಮಜಾ ಬರದಿದ್ರೆ ಅಲ್ಲಿಂದ್ಲೇ ಎದ್ದು ಹೋಗ್ತೀನಿ, ತಡೀಬಾರ್ದು."

ಮೊದಲ ದಿನ, ಬೆಳಗಿನ ಆಟ. ಭದ್ರಾವತಿಯ ಥಿಯೇಟರಿನಲ್ಲಿ ಈ ಸಿನಿಮಾ ನೋಡುವ ಸುಖವೇ ಬೇರೆ. ಮೇಷ್ಟರು ತೆರೆಯ ಮೇಲೆ ಹಾಜರಿ ಕರೆದರೆ ಇಲ್ಲಿ ಕೂತವರೇ ಉತ್ತರ ಕೊಡುತ್ತಾರೆ. ಹಿಂದಿನ ಸಾಲಿನಿಂದ "ಎಸ್ ಸಾರ್!", ಕಾರ್ಖಾನೆಯ ಕ್ವಾರ್ಟರ್ಸಿನ ತಮಿಳರಿಂದ "ಉಳ್ಳೇನ್ ಐಯಾ!", ಬಾಲ್ಕನಿಯಿಂದ ಯಾರೋ ಹಿರಿಯರು, "ರಜಾ ಚೀಟಿ ಕಳ್ಸಿದೀನಿ ಸಾರ್!" ಆವತ್ತು ಥಿಯೇಟರು ತುಂಬಿ ಗದ್ದಲವೋ ಗದ್ದಲ. ನನ್ನ ಕಣ್ಣು ಮಾತ್ರ ತೆರೆಯ ಮೇಲಿರಲಿಲ್ಲ. ಪಕ್ಕದ ಸೀಟಿನ ಮುಖ ನೋಡುತ್ತ ಕೂತಿದ್ದೆ. ನಾಜಿಯಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಕೋಣೆಯ ಹೊರಗೆ ಕಾಯುವವಳಂತೆ ನೆಟ್ಟಗೆ ಕೂತಿದ್ದಳು. ಸಿನಿಮಾ ನಾನು ಹೇಳಿದ್ದಕ್ಕಿಂತಲೂ ಕೆಟ್ಟದಾಗಿತ್ತು. ನನ್ನ ಊಹೆಗಳು ಒಂದೊಂದಾಗಿ ನಿಜವಾಗುತ್ತಿದ್ದವು. ಗೆಲುವು ಇಷ್ಟು ಸಂಕಟದ್ದೆಂದು ನನಗೆ ಗೊತ್ತಿರಲಿಲ್ಲ. ಹಾಡೊಂದು ಬಂದಾಗ ಅವಳು ಬ್ಯಾಗಿನ ಪಟ್ಟಿಗೆ ಕೈ ಹಾಕಿದಳು. ತಡೆಯಬಾರದೆಂದು ಮಾತಾಗಿತ್ತಲ್ಲ, ನಾನು ಕಾಲು ಸರಿಸಿ ದಾರಿ ಬಿಟ್ಟೆ.

ಆಗ ಆ ದೃಶ್ಯ ಬಂತು. ಮೇಷ್ಟರು ಆನ್‌ಲೈನ್ ಕ್ಲಾಸು ತೆರೆದು ಭಯಂಕರವಾಗಿ ಬಾಯಿ ಅಲ್ಲಾಡಿಸುತ್ತಿದ್ದಾರೆ, ಒಂದು ಅಕ್ಷರವೂ ಕೇಳಿಸುತ್ತಿಲ್ಲ. ದೆವ್ವ ಮ್ಯೂಟಿನಲ್ಲಿದೆ! ಇಡೀ ಥಿಯೇಟರು ಒಂದು ಗಳಿಗೆ ತಬ್ಬಿಬ್ಬು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಿಂದ, ಚರ್ಚಾಸ್ಪರ್ಧೆಗಳಲ್ಲಿ ಮೈಕು ಕೆಟ್ಟಾಗಲೂ ಹಿಂದಿನ ಗೋಡೆ ಮುಟ್ಟುತ್ತಿದ್ದ ಆ ದನಿ:

"ಸಾರ್! ಕೇಳಿಸ್ತಿಲ್ಲ ಸಾರ್! ಅನ್‌ಮ್ಯೂಟ್ ಮಾಡ್ಕೊಳ್ಳಿ ಸಾರ್!"

ಥಿಯೇಟರು ಎದ್ದು ನಿಂತಿತು. ಶಿಳ್ಳೆ, ಕೇಕೆ. ಸಾಲುಸಾಲೇ "ಅನ್‌ಮ್ಯೂಟ್ ಸಾರ್!" ಎಂದು ಕೂಗಿತು. ನಾಜಿಯಾ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬುವ ಹಾಗೆ ನಗುತ್ತಿದ್ದಳು. ಬ್ಯಾಗು ಕೆಳಗೆ ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅಲ್ಲಿಗೆ ನನಗೆ ಒಂದು ಸಂಗತಿ ಹೊಳೆಯಿತು. ಬಸ್ಸಿನಲ್ಲಿ ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಏಳನೇ ಕ್ಲಾಸಿನ ಹುಡುಗಿ ತೆರೆಯ ಮೇಲೆ ಎಲ್ಲಿಯೂ ಇರಲಿಲ್ಲ. ನಾನು ಹುಡುಕಿದ ಜಾಗ ತಪ್ಪಾಗಿತ್ತು, ಅಷ್ಟೇ.

ಹೊರಗೆ ಬಂದರೆ ಗೇಟಿನ ಹತ್ತಿರ ಯೂಟ್ಯೂಬಿನವನೊಬ್ಬ ಮೈಕು ಹಿಡಿದು ನಿಂತಿದ್ದ. "ಮೇಡಂ, ಹೆಂಗಿದೆ ಸಿನಿಮಾ? ಒಂದೇ ಮಾತಲ್ಲಿ ಹೇಳಿ!"

ಮೈಕು ಕಂಡರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ವಿರೋಧ ಸಿದ್ಧವಾಗಿತ್ತು, ದನಿ ಇಳಿಸಿ ಹೇಳುವ ಕೊನೆಯ ವಾಕ್ಯವೂ ಸೇರಿ. ಬಾಯಿ ತೆರೆದೆ. ಪಕ್ಕದಲ್ಲಿ ನಾಜಿಯಾ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ನಗು ಇನ್ನೂ ಆರಿರಲಿಲ್ಲ.

"ತೀರ್ಪು ಕಾಯ್ದಿರಿಸಿದೀನಿ" ಎಂದೆ. "ಇನ್ನೊಂದ್ಸಲ ನೋಡಿ ಹೇಳ್ತೀನಿ."

ಅವನಿಗೆ ಇದು ಹಿಡಿಸಲಿಲ್ಲ. ಅವನು ಹಾಕಿದ ವಿಡಿಯೋದಲ್ಲಿ ನಾನು ಬಾಯಿ ತೆರೆದು ನಿಂತಿರುವುದಷ್ಟೇ ಇದೆ, ಮುಂದಿನದನ್ನು ಕತ್ತರಿಸಿದ್ದಾನೆ. ನನ್ನ ಜೂನಿಯರುಗಳು ಅದನ್ನು ಊರಿಗೆಲ್ಲ ಹಂಚಿದ್ದಾರೆ. ಇರಲಿ. ಮರುದಿನ ಮ್ಯಾಟಿನಿಗೆ ಮತ್ತೆ ಹೋದೆವು. ಎರಡನೇ ಸಲ ನೋಡಿದರೆ ಸಿನಿಮಾ ಇನ್ನೂ ಒಂದು ಮಟ್ಟ ಕೆಳಗಿಳಿದಿತ್ತು. ನಾಜಿಯಾ ಮಾತ್ರ ಅದೇ ಜಾಗದಲ್ಲಿ ಅಷ್ಟೇ ಜೋರಾಗಿ ಕೂಗಿದಳು, ಅಷ್ಟೇ ಜೋರಾಗಿ ನಕ್ಕಳು. ಆರನೇ ಭಾಗದ ವಿರುದ್ಧ ನನ್ನ ಬಳಿ ಈಗ ಹನ್ನೊಂದು ಪಾಯಿಂಟುಗಳಿವೆ. ಆ ನಗುವಿನ ವಿರುದ್ಧ ಎಷ್ಟು ತಡಕಿದರೂ ಒಂದೂ ಸಿಗುತ್ತಿಲ್ಲ.