ಕಿವಿಯಕ್ಕನ ಮನೆಯ ಎಂಜಿನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓಣಿಯ ನಾಯಿಗಳೂ ಮಗ್ಗುಲು ಬದಲಿಸಿ ಮತ್ತೆ ಮಲಗಿವೆ. ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ, ಕೆಂಪು ಸ್ಪೋರ್ಟ್ಸ್ ಕಾರೊಂದರ ಬಾನೆಟ್ ಎತ್ತಿ ಹೆಂಗಸೊಬ್ಬರು ಬಾಗಿ ನಿಂತಿದ್ದಾರೆ. ಕೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಅದರ ತುದಿ ಎಂಜಿನ್ನಿನ ಮೇಲೆ, ಹಿಡಿ ಅವರ ಕಿವಿಯ ಮೇಲೆ. ಮೆಕ್ಯಾನಿಕ್ಕುಗಳು ಹೀಗೆ ಒಳಗಿನ ಸದ್ದು ಕೇಳುವುದು ಹೊಸದೇನಲ್ಲ. ಆದರೆ ಈ ಎಂಜಿನ್ ಓಡುತ್ತಿಲ್ಲ. ಅದಕ್ಕೆ ಬ್ಯಾಟರಿಯನ್ನೇ ಇನ್ನೂ ಜೋಡಿಸಿಲ್ಲ.

"ಏನು ಕೇಳಿಸ್ತಿದೆ?" ಎನ್ನುತ್ತೇನೆ, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು.

"ಏನೂ ಇಲ್ಲ," ಎನ್ನುತ್ತಾರೆ, ಕಣ್ಣು ತೆರೆಯದೆ. ಹಿಡಿಯನ್ನು ಕಿವಿಗೆ ಇನ್ನಷ್ಟು ಒತ್ತಿ, "ಇವತ್ತು ಏನೂ ಇಲ್ಲ. ಒಳ್ಳೇದಾಯ್ತು."

ಓಣಿಯವರ ಬಾಯಲ್ಲಿ ಇವರು ಕಿವಿಯಕ್ಕ. ಅಂಗಡಿಯಿಲ್ಲ, ಬೋರ್ಡಿಲ್ಲ. ದಿನಕ್ಕೆ ಮೂರೋ ನಾಲ್ಕೋ ಗಾಡಿ ಮನೆ ಬಾಗಿಲಿಗೆ ಬರುತ್ತವೆ, ಹೆಚ್ಚಾಗಿ ಸ್ಕೂಟರು, ಟೆಂಪೊ. ಹೊಸದಾಗಿ ಬಂದವರು ಈಗಲೂ ಇವರನ್ನು ದಾಟಿಕೊಂಡು ಒಳಗಿರುವ ಗಂಡನ ಹತ್ತಿರ ಹೋಗಿ ಗಾಡಿಯ ರೋಗ ವಿವರಿಸುತ್ತಾರೆ. ಆತ ಬೇಕರಿಯಲ್ಲಿ ಕೆಲಸಕ್ಕಿರುವವರು. "ನಾನು ಬನ್ನಿಗೆ ಬೆಣ್ಣೆ ಹಚ್ಚೋನು ಸ್ವಾಮಿ, ಗ್ರೀಸ್ ಹಚ್ಚೋಳು ಅವಳು," ಎಂದು ಹೊರಗೆ ಕಳಿಸುತ್ತಾರೆ.

ಕೆಲಸ ಕಲಿಸಿದ್ದು ಅಪ್ಪ. ಗ್ಯಾರೇಜಿನ ಗದ್ದಲದಲ್ಲೇ ಆಯುಷ್ಯ ಕಳೆದ ಆ ಮನುಷ್ಯನಿಗೆ ಕಿವಿ ಪೂರ್ತಿ ಹೋಗಿತ್ತು. "ಅಪ್ಪನ ಕೈ ಬಂಗಾರ. ಆದ್ರೆ ಕೇಳಿಸದೆ ಹೇಗೆ ರಿಪೇರಿ ಮಾಡ್ತಾರೆ? ನಾನು ಎಂಜಿನ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ಟು ಕೇಳಿಸ್ಕೊಳ್ತಿದ್ದೆ. ಆ ಸದ್ದು ಹೇಗಿದೆಯೋ ಹಾಗೇ ಅವರ ಮುಂಗೈ ಮೇಲೆ ಬೆರಳಲ್ಲಿ ತಟ್ತಿದ್ದೆ. ಅವರು ತಲೆ ಆಡಿಸಿ ಸ್ಪ್ಯಾನರ್ ತಗೊಳ್ತಿದ್ರು." ಅಪ್ಪ ಹೋದ ಮೇಲೆ ಗ್ಯಾರೇಜಿನ ಜಾಗವೂ ಕೈಬಿಟ್ಟಿತು. ಬೆರಳಿನ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಏನನ್ನು ಕೇಳುತ್ತಿದ್ದರೂ ಇವರ ಎಡಗೈ ತೋರುಬೆರಳು ಸಿಕ್ಕಿದ್ದರ ಮೇಲೆ ತಾಳ ಹಾಕುತ್ತದೆ. ಅದು ಅವರಿಗೇ ಗೊತ್ತಿರುವುದಿಲ್ಲ.

ಈ ಕೆಂಪು ಕಾರು ಓಣಿಯ ಕೊನೆಯ ಮನೆಯ ಟೈಲರಮ್ಮನ ಮಗನದು. ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಗುಜರಿಗೆ ಬಿದ್ದಿದ್ದ ಎರಡು ಸೀಟಿನ ಕಾರನ್ನು ಎತ್ತಿಕೊಂಡು ಬಂದು, ಕೈಯಾರೆ ಬಣ್ಣ ಹೊಡೆದು ಮದುವಣಗಿತ್ತಿಯ ಹಾಗೆ ಮಾಡಿದ್ದ. ರಾತ್ರಿ ಪಾಳಿ ಮುಗಿಸಿ ನಸುಕಿನಲ್ಲಿ ಅದರಲ್ಲೇ ಮನೆಗೆ ಬರುತ್ತಿದ್ದ. ಒಂದು ನಸುಕಿನಲ್ಲಿ ಹೆದ್ದಾರಿಯ ನಡುವೆ ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಹೇಗೋ ಕಾರನ್ನು ಪಕ್ಕಕ್ಕೆ ತಂದು, ಇಳಿದು, ಬರುವ ಗಾಡಿಗಳಿಗೆ ಕೈ ಬೀಸುತ್ತಾ ನಿಂತ. ಲಾರಿಯವನಿಗೆ ಅವನು ಕಾಣಲಿಲ್ಲ. ಕಾರಿಗೆ ಒಂದು ಗೀರೂ ಆಗಿಲ್ಲ.

ಅಂದಿನಿಂದ ಟೈಲರಮ್ಮ ಬೆಳಗಿನ ಚಹಾ ಮಾಡಿಲ್ಲ. ಓಣಿಯ ತಿರುವಿನಲ್ಲಿ ಮಗನ ಕಾರಿನ ಸದ್ದು ಕೇಳಿದ ಮೇಲೆಯೇ ಅವರು ಸ್ಟೌ ಹಚ್ಚುತ್ತಿದ್ದದ್ದು. ಒಂದು ದಿನ ಬಂದು ಕಿವಿಯಕ್ಕನ ಹೊಸ್ತಿಲ ಮೇಲೆ ಕೂತರಂತೆ. "ಒಂದು ಸಲ ಓಡೋ ಹಾಗೆ ಮಾಡಿಕೊಡು ಮಗಳೇ. ಆ ಸದ್ದು ಒಂದು ಸಲ ಕೇಳ್ತೀನಿ. ಆಮೇಲೆ ಮಾರಿಬಿಡು, ಗುಜರಿಗೆ ಹಾಕು, ನಾನು ಕೇಳಲ್ಲ."

ಹಾಗೆ ಎಂಜಿನ್ ಮನೆಯೊಳಗೆ ಬಂತು. ಚಪ್ಪರದ ಕಬ್ಬಿಣದ ತೊಲೆಗೆ ಚೈನು ಕಟ್ಟಿ ಇಳಿಸಿ, ಹಳೆಯ ಹಾಸಿಗೆಯ ಮೇಲೆ ಎಳೆದುಕೊಂಡು ಮುಂಗೋಣೆಗೆ ತಂದರು. "ಎಂಜಿನ್ನಿಗೆ ಹಾಸಿಗೆ, ನನಗೆ ಚಾಪೆ," ಎನ್ನುತ್ತಾರೆ ಗಂಡ. ಬಿಚ್ಚಿದ ಭಾಗಗಳು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಇರಬೇಕು, ಆ ಕೋಣೆ ಗುಡಿಸುವಂತಿಲ್ಲ. ಪಿಸ್ಟನ್ನುಗಳು ತಿರುಗಿಸುವ ಉದ್ದನೆಯ ದಂಡ, ಕ್ರ್ಯಾಂಕನ್ನು, ಮಲಗಿಸಿದರೆ ಬಾಗೀತೆಂದು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಧೂಳು ಕೂರದಂತೆ ಬೆಡ್‌ಶೀಟ್ ಹೊದಿಸಿದ್ದರು. ಮೊದಲ ಸಲ ಬಂದಾಗ ನಾನು ಅದನ್ನು ನೋಡಿ, ಯಾರದೋ ಮಗು ಅಡಗಿ ನಿಂತಿದೆ ಎಂದುಕೊಂಡು ಮಾತಾಡಿಸಿದ್ದೆ. ಯಾರೂ ನಗಲಿಲ್ಲ.

ಗಂಡ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳುತ್ತಾರೆ. "ಒಂದಿನ ಬೇಕರಿಗೆ ಹೊರಡೋಣ ಅಂತ ಎದ್ದೆ. ನೋಡಿದ್ರೆ ಇವಳು ಕಿವಿಗೆ ಸ್ಕ್ರೂಡ್ರೈವರ್ ಇಟ್ಕೊಂಡು ನೆಲದ ಮೇಲೆ ಕೂತಿದಾಳೆ. ಎಂಜಿನ್ ಬ್ಲಾಕ್ ಖಾಲಿ. ಪಿಸ್ಟನ್ ಇಲ್ಲ, ಕ್ರ್ಯಾಂಕ್ ಇಲ್ಲ, ಪಾತ್ರೆ ಇದ್ದ ಹಾಗಿದೆ. 'ಏನೇ ಇದು?' ಅಂದ್ರೆ, 'ಸುಮ್ನಿರಿ, ಬಡೀತಿದೆ' ಅಂದ್ಳು. ಬೆರಳು ನೆಲದ ಮೇಲೆ ತಟ್ತಾ ಇತ್ತು." ದೆವ್ವ ಗಿವ್ವ ನಂಬುವ ಪೈಕಿ ನಾನಲ್ಲ. ಆದರೂ ಅವರು ಇದನ್ನು ಹೇಳುವಾಗ ನನ್ನ ಕಣ್ಣು ಆ ಮೂಲೆಯ ಕಡೆಗೇ ಹೋಯಿತು.

ಎಂಜಿನ್ನಿನ ರೋಗ ಸಣ್ಣದಲ್ಲ. ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿ ಉಗುರಿನಷ್ಟು ತೆಳುವಾದ ಬೇರಿಂಗ್ ತಗಡು ಇರುತ್ತದೆ. ಅದು ಸವೆದರೆ ರಾಡು ಸಡಿಲಗೊಂಡು ಬಡಿಯುತ್ತದೆ. ಹಾಗೇ ಓಡಿಸಿದರೆ ತಗಡು ಕರಗಿ, ಎಂಜಿನ್ ಒಂದೇ ಏಟಿಗೆ ನಿಲ್ಲುತ್ತದೆ. ಇಲ್ಲಿ ಆಗಿದ್ದು ಅದೇ. ಕ್ರ್ಯಾಂಕ್ ಉಜ್ಜಿಸಿಕೊಳ್ಳಲು ಲೇತಿಗೆ ಹೋಗಿ ಬಂತು, ರಾಡು ಬದಲಾಯಿತು, ಹೊಸ ಬೇರಿಂಗುಗಳನ್ನು ಎಣ್ಣೆ ಹಚ್ಚಿ ಕೂರಿಸಿ ಎಂಜಿನ್ನನ್ನು ಮತ್ತೆ ಕಾರಿಗೆ ಏರಿಸಿದ್ದಾಯಿತು. ಹಳೆಯ ತಗಡನ್ನು ಮಾತ್ರ ಕಿವಿಯಕ್ಕ ಬಿಸಾಡಿಲ್ಲ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ.

ಬ್ಯಾಟರಿ ಜೋಡಿಸುತ್ತಾ ಅವರು ನನಗೆ ಅದರ ಕಾರಣ ಹೇಳುತ್ತಾರೆ. "ನಾನು ಅವನಿಗೆ ಹೇಳಿದ್ದೆ. ಇದೇ ಗೇಟಿನ ಹತ್ರ ನಿಲ್ಸಿ, 'ಬಡೀತಿದೆ ಕಣೋ, ತಂದುಬಿಡು ಬಿಚ್ಚೋಣ' ಅಂದೆ. ನಕ್ಕ. 'ಬೇಡ ಅಕ್ಕ, ಆ ಸದ್ದು ಕೇಳಿಯೇ ಅಮ್ಮ ಚಹಾಕ್ಕೆ ಇಡೋದು. ಅದು ಹೋದ್ರೆ ನಾನು ಬಂದಿದ್ದು ಅಮ್ಮನಿಗೆ ಹೇಗೆ ಗೊತ್ತಾಗುತ್ತೆ?' ಅಂದ. ಇದನ್ನ ಆ ತಾಯಿಗೆ ಹೇಗೆ ಹೇಳ್ಲಿ? ಇವತ್ತು ಹೇಳ್ಲೇಬೇಕು. ಅಲ್ಲೀವರೆಗೂ ನೀವು ಬಾಯಿ ಬಿಡಬೇಡಿ."

ಟೈಲರಮ್ಮ ಬರುತ್ತಾರೆ. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಾರೆ. ಕಿವಿಯಕ್ಕ ಕೀಲಿ ತಿರುಗಿಸುತ್ತಾರೆ. ಎಂಜಿನ್ ಒಮ್ಮೆ ಕೆಮ್ಮಿ, ಹತ್ತಿಕೊಂಡು, ನುಣ್ಣಗೆ ಗುನುಗತೊಡಗುತ್ತದೆ. ನನಗಂತೂ ಕೈ ತಟ್ಟಬೇಕೆನಿಸುತ್ತದೆ. ತಾಯಿಯ ಮುಖ ಮಾತ್ರ ಬಾಡುತ್ತದೆ.

"ಇದಲ್ಲ," ಎನ್ನುತ್ತಾರೆ. "ಅವನು ಹೀಗೆ ಬರ್ತಿರ್ಲಿಲ್ಲ." ಕುರ್ಚಿಯ ಕೈ ಮೇಲೆ ಗೆಣ್ಣಿನಿಂದ ಬಡಿದು ತೋರಿಸುತ್ತಾರೆ. ಟಕ್. ಟಕ್ ಟಕ್. ಟಕ್. ಟಕ್ ಟಕ್. "ಇದು ಇತ್ತು. ಇದನ್ನ ಯಾಕೆ ತೆಗೆದೆ ಮಗಳೇ? ವಾಪಸ್ ಹಾಕಿಕೊಡು."

ಕಿವಿಯಕ್ಕ ಎಂಜಿನ್ ಆರಿಸಿ, ಕೈ ಒರೆಸಿಕೊಂಡು, ಬಟ್ಟೆಯ ಗಂಟು ಬಿಚ್ಚಿ, ಕರಗಿ ಹರಿದ ಆ ತಗಡನ್ನು ತಾಯಿಯ ಅಂಗೈಯಲ್ಲಿ ಇಡುತ್ತಾರೆ. "ಅಮ್ಮ, ಆ ಸದ್ದು ಇದರದ್ದು. ಕಚ್ಕೊಂಡಿದ್ದೂ ಇದೇ." ಮಗ ಗೇಟಿನ ಹತ್ತಿರ ಆಡಿದ ಮಾತುಗಳನ್ನೂ ಒಂದೂ ಬಿಡದೆ ಹೇಳುತ್ತಾರೆ.

ತಾಯಿ ತಗಡನ್ನು ತಿರುವಿ ತಿರುವಿ ನೋಡುತ್ತಾರೆ. "ಬಾಗಿಲು ತಟ್ಟಿದ್ರೆ ನಾನು ಏಳ್ತಿರ್ಲಿಲ್ವಾ?" ಎನ್ನುತ್ತಾರೆ.

ಆಗ ಅದು ಕೇಳಿಸುತ್ತದೆ. ಟಕ್. ಟಕ್ ಟಕ್. ಬಾನೆಟ್ಟಿನ ಒಳಗಿನಿಂದ.

ಟೈಲರಮ್ಮ ತಲೆ ಎತ್ತುತ್ತಾರೆ. ತಗಡನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಲ್ಲುತ್ತಾರೆ. "ಚಹಾಕ್ಕೆ ಇಡ್ಬೇಕು," ಎಂದು ಯಾರಿಗೋ ಹೇಳಿ, ಆ ವಯಸ್ಸಿಗೆ ಹೊಂದದಷ್ಟು ಬೇಗ ಓಣಿಯಲ್ಲಿ ನಡೆದುಬಿಡುತ್ತಾರೆ.

"ಲೋಹ ಆರ್ತಿದೆ, ಅಷ್ಟೆ," ಎನ್ನುತ್ತಾರೆ ಕಿವಿಯಕ್ಕ. ಬಿಸಿ ಲೋಹ ಆರುವಾಗ ಟಿಕ್ಕೆನ್ನುವುದು ನಿಜ. ಆದರೆ ಅದು ಬರಬರುತ್ತಾ ನಿಧಾನವಾಗುತ್ತದೆ ಎಂದು ಇವರೇ ನನಗೆ ಹೇಳಿಕೊಟ್ಟಿದ್ದರು. ಇದು ನಿಧಾನವಾಗುತ್ತಿಲ್ಲ. ಗಂಡ ಬಾಗಿಲಿಗೆ ಬಂದು, "ಆಫ್ ಮಾಡಿಲ್ವಾ?" ಎನ್ನುತ್ತಾರೆ. ಹೆಂಡತಿ ಕೀಲಿಯನ್ನು ಎತ್ತಿ ತೋರಿಸಿ ಅವರ ಕೈಗೆ ಕೊಡುತ್ತಾರೆ. ಆಮೇಲೆ ಸ್ಕ್ರೂಡ್ರೈವರನ್ನು ಎಂಜಿನ್ನಿನ ಮೇಲಿಟ್ಟು ಕಿವಿ ಕೊಡುತ್ತಾರೆ. ಎಡಗೈಯ ಬೆರಳು ಕೆಂಪು ಮಡ್‌ಗಾರ್ಡಿನ ಮೇಲೆ ತಟ್ಟತೊಡಗುತ್ತದೆ. ಒಂದು, ಆಮೇಲೆ ಎರಡು. ಒಂದು, ಆಮೇಲೆ ಎರಡು.

ಓಣಿಯ ಕೊನೆಯ ಮನೆಯ ಅಡುಗೆಮನೆಯಲ್ಲಿ ದೀಪ ಹತ್ತುತ್ತದೆ. ಸದ್ದು ನಿಲ್ಲುತ್ತದೆ. ಬೆರಳೂ ನಿಲ್ಲುತ್ತದೆ.

ಕಿವಿಯಕ್ಕ ಬಾನೆಟ್ ಇಳಿಸಿ, ಚಿಂದಿ ಬಟ್ಟೆಯಿಂದ ತಮ್ಮ ಬೆರಳಚ್ಚುಗಳನ್ನು ಒರೆಸುತ್ತಾರೆ. ನನ್ನ ಮುಖ ನೋಡುವುದಿಲ್ಲ.

"ಏನು ಬರೀತೀರೋ ಬರೀರಿ," ಎನ್ನುತ್ತಾರೆ. "ಒಂದು ಮಾತ್ರ ಸರಿಯಾಗಿ ಬರ್ಕೊಳ್ಳಿ. ನಾನು ಕೂರಿಸಿದ ಬೇರಿಂಗ್ ಬಡಿಯಲ್ಲ."