‘ಎ’ ಇಲ್ಲದ ದೆವ್ವ

ತೊಂಬತ್ತರ ದಶಕದ ನಡುವಿನಲ್ಲಿ ಮೂಡಿಗೆರೆ ಬಸ್ ನಿಲ್ದಾಣದ ಹತ್ತಿರ ನಮ್ಮದೊಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತು. ಅಂಗಡಿ ಹಾಕಿದ್ದು ನನ್ನ ಗಂಡ. ಆದರೆ ಅವರಿಗೆ ಎಸ್ಟೇಟುಗಳಿಗೆ ಜೀಪು ಓಡಿಸುವುದರಲ್ಲಿದ್ದ ಆಸೆ ಸಿನಿಮಾದಲ್ಲಿ ಇರಲಿಲ್ಲ. ಹಾಗಾಗಿ ಅಂಗಡಿ ನಡೆಸುತ್ತಿದ್ದವರು ನಾನು ಮತ್ತು ನನ್ನ ಅತ್ತೆ.

ನಾನು ಮುಂದೆ ಕೌಂಟರಿನಲ್ಲಿ ಕೂರುತ್ತಿದ್ದೆ. ಅತ್ತೆ ಹಿಂದಿನ ಕೋಣೆಯಲ್ಲಿ ಟಿವಿ ಮುಂದೆ ಮಣೆ ಹಾಕಿಕೊಂಡು, ಬೆಳ್ಳುಳ್ಳಿ ಸುಲಿಯುತ್ತಲೋ ಅವರೆಕಾಯಿ ಬಿಡಿಸುತ್ತಲೋ, ಹೊಸದಾಗಿ ಬಂದ ಒಂದೊಂದು ಕ್ಯಾಸೆಟ್ಟನ್ನೂ ನೋಡುತ್ತಿದ್ದರು. ಟೇಪು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆಂದು ಶುರುವಾದ ಕೆಲಸ ಅದು. ಬರಬರುತ್ತಾ ಸಿನಿಮಾವನ್ನೇ ಅಳೆಯುವ ಕೆಲಸವಾಯಿತು. ‘ಇದನ್ನ ಮಕ್ಕಳಿರೋ ಮನೆಗೆ ಕೊಡ್ಬೇಡ’, ‘ಇದು ಅಳಬೇಕು ಅನ್ನೋರಿಗೆ’ ಎಂದು ಒಳಗಿನಿಂದಲೇ ತೀರ್ಪು ಬರುತ್ತಿತ್ತು. ಸೆನ್ಸಾರಿನವರ ಸರ್ಟಿಫಿಕೇಟಿಗಿಂತ ನಾನು ಅತ್ತೆಯ ಸರ್ಟಿಫಿಕೇಟನ್ನೇ ಹೆಚ್ಚು ನಂಬುತ್ತಿದ್ದೆ.

ದೆವ್ವದ ಸಿನಿಮಾಗಳಿಗೆ ಒಳ್ಳೆಯ ಬೇಡಿಕೆಯಿತ್ತು. ಅದರಲ್ಲೂ ಡಬ್ಬದ ಮೇಲೆ ಸುತ್ತು ಹಾಕಿದ ‘ಎ’ ಅಕ್ಷರ ಇರಲೇಬೇಕು. ಈ ವಿಷಯದಲ್ಲಿ ಎಲ್ಲರಿಗಿಂತ ಹಟಮಾರಿ ಎಂದರೆ ಗೋಣಿಬೀಡಿನ ಕಡೆಯ ಒಂದು ಎಸ್ಟೇಟಿನ ರೈಟರು. ಹಾಜರಿ, ಲೆಕ್ಕ ಬರೆಯುವ ಕೆಲಸ ಅವರದು. ಪ್ರತಿ ಶನಿವಾರ ಪೇಟೆಗೆ ಬಂದರೆ ನಮ್ಮ ಅಂಗಡಿಗೆ ಬರದೆ ಹೋಗುತ್ತಿರಲಿಲ್ಲ.

“‘ಎ’ ಉಂಟಾ ಮಾರಾಯ್ತಿ? ಇಲ್ದಿದ್ರೆ ಬೇಡ. ‘ಎ’ ಇಲ್ದಿರೋ ದೆವ್ವ ಅಂದ್ರೆ ಖಾರ ಇಲ್ದಿರೋ ಹಂದಿ ಸಾರು.”

ಒಳಕೋಣೆಯ ಪರದೆಯ ಹಿಂದಿನಿಂದ ಅತ್ತೆ ಸುಮ್ಮನಿರುತ್ತಿರಲಿಲ್ಲ. “ರೈಟರೇ, ಮನೇಲಿ ದೆವ್ವ ಇದೆ ಅಂತ ಗೊತ್ತಿದ್ದೂ ಸಿನಿಮಾದ ಹುಡುಗಿ ಸ್ನಾನಕ್ಕೆ ಹೋಗ್ತಾಳಲ್ಲ, ‘ಎ’ ಕೊಟ್ಟಿರೋದು ಆ ಸ್ನಾನಕ್ಕೆ. ದೆವ್ವಕ್ಕಲ್ಲ. ಇನ್ನು ಆ ರಕ್ತ, ಬೀಟ್ರೂಟ್ ಬೇಯ್ಸಿದ ನೀರು!”

ಅವರು ಹಾಗೆ ಹೇಳುವುದರಲ್ಲಿ ಆಶ್ಚರ್ಯವಿರಲಿಲ್ಲ. ಸೌದೆ ರಾಶಿಯಲ್ಲಿ ಹಾವು ಸಿಕ್ಕಿದರೆ ಕೋಲಿನಿಂದ ಎತ್ತಿ ಆಚೆ ಹಾಕಿ, ಕೈ ತೊಳೆದುಕೊಂಡು ರೊಟ್ಟಿ ತಟ್ಟಲು ಕೂರುವ ಹೆಂಗಸು ಅವರು. ಗೋರಿಯಿಂದ ಎದ್ದು ಬರುವ ಹೆಣ ನೋಡಿ ‘ಪಾಪ, ಬಟ್ಟೆಯೆಲ್ಲ ಮಣ್ಣಾಯ್ತು’ ಎಂದು ನಗುತ್ತಿದ್ದರು.

ಒಮ್ಮೆ ಚಿಕ್ಕಮಗಳೂರಿನಿಂದ ತಂದ ಕ್ಯಾಸೆಟ್ಟುಗಳ ಕಟ್ಟಿನಲ್ಲಿ ಒಂದು ‘ಯು’ ಸಿನಿಮಾ ಬಂತು. ದೆವ್ವದ ಕತೆ, ಆದರೆ ಚಿಕ್ಕ ಮಕ್ಕಳೂ ನೋಡಬಹುದಾದದ್ದು. ಅತ್ತೆ ಎಂದಿನಂತೆ ಹಾಕಿಕೊಂಡು ಕೂತರು. ಕತೆ ಇಷ್ಟೇ: ಒಬ್ಬ ತಾಯಿ ಅಡುಗೆಮನೆಯಲ್ಲಿ ತನ್ನ ಪುಟ್ಟ ಮಗಳಿಗೆ ತಲೆ ಬಾಚುತ್ತಿರುತ್ತಾಳೆ. ಆಗ ಅಟ್ಟದ ಮೇಲಿನಿಂದ ಅದೇ ಮಗಳ ದನಿಯಲ್ಲಿ ಯಾರೋ ‘ಅಮ್ಮಾ’ ಎಂದು ಕರೆಯುತ್ತಾರೆ. ಮಗಳು ಇಲ್ಲೇ ಎದುರಿಗಿದ್ದಾಳೆ. ಹಾಗಾದರೆ ಕರೆದವರು ಯಾರು?

ಮಧ್ಯಾಹ್ನ ಮೂರರ ಹೊತ್ತು. ಇದ್ದಕ್ಕಿದ್ದಂತೆ ಟಿವಿಯ ಸದ್ದು ನಿಂತಿತು. ಕರೆಂಟು ಹೋಯಿತೇ ಎಂದು ನೋಡಿದರೆ ನನ್ನ ತಲೆಯ ಮೇಲಿನ ಬಲ್ಬು ಉರಿಯುತ್ತಲೇ ಇತ್ತು. ಒಳಗೆ ಹೋದೆ. ಅತ್ತೆ ಗೋಡೆಗೆ ಒರಗಿ ನಿಂತಿದ್ದರು.

“ಟೇಪು ಸಿಕ್ಕಾಕೊಳ್ತಾ ಅತ್ತೆ?”

“ಇಲ್ಲ. ನಾನೇ ಆಫ್ ಮಾಡ್ದೆ.”

“ಯಾಕೆ?”

“ಹೆದರಿಕೆ ಆಯ್ತು ಕಣೇ.”

ನಾನು ತಮಾಷೆಯೆಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ನೀರು ಕೊಟ್ಟೆ. ಕುಡಿದು, ತಾವಾಗಿಯೇ ಹೇಳಿದರು. ನನ್ನ ಗಂಡ ಹುಟ್ಟುವ ಮೊದಲು ಅವರಿಗೊಬ್ಬಳು ಮಗಳಿದ್ದಳಂತೆ. ಬಣಕಲ್‌ನಲ್ಲಿದ್ದಾಗ ನಾಲ್ಕು ವರ್ಷದ ಆ ಮಗು ಜ್ವರದಲ್ಲಿ ತೀರಿಕೊಂಡಿತು. ಮದುವೆಯಾಗಿ ಬಂದು ಮೂರು ವರ್ಷವಾಗಿದ್ದರೂ ನನಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.

“ಆಮೇಲೆ ಎಷ್ಟೋ ದಿನ, ಒರಳಲ್ಲಿ ರುಬ್ತಾ ಕೂತ್ರೆ ‘ಅವ್ವಾ’ ಅಂದಂಗೆ ಆಗೋದು. ಒಂದ್ಸಲ ‘ಓ’ ಅಂದ್ಬಿಟ್ಟಿದ್ದೆ. ಈ ಸಿನಿಮಾ ಮಾಡ್ದೋನಿಗೆ ಅದು ಹೆಂಗೆ ಗೊತ್ತಾಯ್ತು?”

ಆ ವಾರ ರೈಟರು ಬಂದಾಗ ನಾನು ಆ ಕ್ಯಾಸೆಟ್ಟನ್ನೇ ಅವರ ಮುಂದಿಟ್ಟೆ. ಅತ್ತೆಯ ಸುದ್ದಿ ಎತ್ತಲಿಲ್ಲ.

“ಇದು ‘ಯು’ ಅಲ್ವಾ! ಮಕ್ಕಳಾಟ.”

“ಮನೆಯವರನ್ನೆಲ್ಲ ಕೂರ್ಸಿಕೊಂಡು ನೋಡಿ. ಹೆದರಿಕೆ ಆಗ್ಲಿಲ್ಲ ಅಂದ್ರೆ ನಿಮ್ಮ ಮಾತೇ ಸರಿ ಅಂತ ಒಪ್ಕೋತೀನಿ.”

“ನೀನೇ ಬಾ ಮಾರಾಯ್ತಿ, ಕಣ್ಣಾರೆ ನೋಡು.”

ಹೋದೆ. ಭಾನುವಾರ ಮಧ್ಯಾಹ್ನ ಗಂಡನ ಜೀಪಿನಲ್ಲಿ ಅವರ ಕ್ವಾರ್ಟರ್ಸಿಗೆ ಹೋದಾಗ ಮುಂದಿನ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ಕೂಲಿ ಲೈನಿನ ಮನೆಗಳ ಹೆಂಗಸರು, ಮೇಸ್ತ್ರಿ, ಅವನ ಹೆಂಡತಿ, ಮಕ್ಕಳು. ಬೆಳಕು ಬಾರದಿರಲೆಂದು ಕಿಟಕಿಗೆ ಕಂಬಳಿ ಕಟ್ಟಿದ್ದರು.

ಮೊದಲ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಬೇಜಾರಾಯಿತು. “ದೆವ್ವ ಎಲ್ಲಿ? ಬರೇ ತಲೆ ಬಾಚ್ತಾಳೆ” ಎನ್ನುತ್ತಾ ಒಬ್ಬೊಬ್ಬರೇ ಎದ್ದು ಕಣದಲ್ಲಿ ಆಡಲು ಓಡಿಹೋದರು. ರೈಟರು ನನ್ನ ಕಡೆ ತಿರುಗಿ ಗೆದ್ದವರಂತೆ ನಕ್ಕರು. ಆಮೇಲೆ ಅಟ್ಟದಿಂದ ಆ ದನಿ ಬಂತು. ಎರಡನೆಯ ಸಲ ಬಂದಾಗ ಮೇಸ್ತ್ರಿಯ ಹೆಂಡತಿ ತೊಡೆಯ ಮೇಲೆ ಮಲಗಿದ್ದ ಕೂಸನ್ನು ಎದೆಗೆ ಅವಚಿಕೊಂಡಳು.

ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಕೇಳಿತು: “ರೀ, ಸ್ವಲ್ಪ ಬನ್ನಿ ಇಲ್ಲಿ.”

ರೈಟರು ಕದಲಲಿಲ್ಲ. ಮತ್ತೆ “ರೀ” ಎಂದಿತು. ಯಾರಾದರೂ ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು, ದೆವ್ವ ಮೂರು ಸಲ ಕರೆಯುವುದಿಲ್ಲ ಎಂದು ನಮ್ಮ ಕಡೆ ಹಳಬರು ಹೇಳುತ್ತಾರೆ. ಕೋಣೆಯಲ್ಲಿ ಉಳಿದಿದ್ದವರೆಲ್ಲ ಅದನ್ನೇ ನೆನೆದಂತೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತೆವು. ಕೊನೆಗೆ ರೈಟರ ಹೆಂಡತಿಯೇ ಕಾಫಿ ತಟ್ಟೆ ಹಿಡಿದು ಬಂದರು. “ಎಂತ, ಕಿವಿ ಕೇಳಲ್ವಾ? ಆಗ್ಲಿಂದ ಕರೀತಿದ್ದೀನಿ!” ರೈಟರು ಕೂತಲ್ಲೇ ಬೆಚ್ಚಿಬಿದ್ದರು. ಆಮೇಲೆ ಎಲ್ಲರೂ ನಕ್ಕರು, ಆದರೆ ಆ ನಗು ತಡವಾಗಿ ಬಂತು.

ಸಿನಿಮಾ ಮುಗಿದ ಮೇಲೆ ರೈಟರು ಜೀಪಿನವರೆಗೂ ಬಂದರು. “ನಮ್ಮ ಹುಡುಗ್ರು ಒಬ್ರೂ ಹೆದರ್ಲಿಲ್ಲ. ನಾನು ಹೆದರ್ದೆ. ಇದೆಂತ ಸರ್ಟಿಫಿಕೇಟ್ ಮಾರಾಯ್ತಿ?”

ಆವತ್ತಿನಿಂದ ನನಗೆ ಈ ವಿಷಯದಲ್ಲಿ ಅನುಮಾನವಿಲ್ಲ. ‘ಎ’ ಎನ್ನುವುದು ಮಕ್ಕಳ ಕಣ್ಣಿಗೆ ಏನು ಬೀಳಬಾರದು ಎಂಬುದರ ಗುರುತು. ಅದು ಬೇಕು, ನಾನೇ ಎಷ್ಟೋ ಹುಡುಗರಿಗೆ ಅಂಥ ಕ್ಯಾಸೆಟ್ ಕೊಡದೆ ವಾಪಸು ಕಳಿಸಿದ್ದೇನೆ. ಆದರೆ ಭಯ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಕಳೆದುಕೊಳ್ಳುವುದಕ್ಕೆ ಏನೋ ಇರುವವರಿಗೆ ಒಂದು ಕರೆ ಸಾಕು.

ಎರಡು ಸಾವಿರದ ಇಸವಿ ದಾಟಿ ಸಿ.ಡಿ. ಬಂದಾಗ ಕ್ಯಾಸೆಟ್ಟುಗಳನ್ನೆಲ್ಲ ಖಾಲಿ ಮಾಡಿದೆವು. ಅತ್ತೆ ಅದೊಂದನ್ನು ಮಾತ್ರ ತೆಗೆದಿಟ್ಟುಕೊಂಡರು. ಒಂದು ಮಧ್ಯಾಹ್ನ, “ಬಾ, ನೀನೂ ಕೂತ್ಕೋ” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂದು ನಿಲ್ಲಿಸಿದ ಜಾಗದಿಂದ ಕೊನೆಯವರೆಗೂ ನೋಡಿದರು. ಕೊನೆಯಲ್ಲಿ ಆ ತಾಯಿ ಏಣಿ ಹತ್ತಿ ಅಟ್ಟದ ಕತ್ತಲೆಗೆ ಹೋಗುತ್ತಾಳೆ. ಮೊದಲೇ ನೋಡಿದ್ದರೂ ನಾನು ತಡೆಯಲಾರದೆ, “ಅಯ್ಯೋ, ಹೋಗ್ಬಾರದಿತ್ತು” ಎಂದೆ.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಇಷ್ಟು ತಡ ಮಾಡಿದ್ಲಲ್ಲ,” ಎಂದರು. “ನಾನಾಗಿದ್ರೆ ಮೊದಲ್ನೇ ಸಲ ಕರೆದಾಗ್ಲೇ ಹತ್ತಿ ಹೋಗ್ತಿದ್ದೆ.”